ಬೀಗವಿಲ್ಲದ ಗವಿಗಾಗಿ ಚೆನ್ನೈಗೆ

ಬೆಳಗಿನ ಆರೂವರೆಯ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಬೆಂಗಳೂರು ಬಿಟ್ಟಾಗ ನನ್ನ ಹತ್ತಿರ ಎರಡು ಚೀಲಗಳಿದ್ದವು. ತೊಡೆಯ ಮೇಲಿನದರಲ್ಲಿ ಚೆನ್ನೈನ ಪದ್ದತ್ತೆಗೆಂದು ರಸಬಾಳೆಹಣ್ಣು, ಹುರಿಹಿಟ್ಟು, ನನ್ನ ಎರಡು ಸೀರೆ. ಕಾಲ ಕೆಳಗಿನದರಲ್ಲಿ, ಒಂದರ ಮೇಲೊಂದು ಪ್ಲಾಸ್ಟಿಕ್ ಕವರು ಸುತ್ತಿ ಗಂಟು ಹಾಕಿದ್ದ ಹಳೆಯ ಕ್ಯಾನ್ವಾಸ್ ಬೂಟು, ಒಂದು ಟಾರ್ಚು, ಒಂದು ಚೂಡಿದಾರ್. ಎಷ್ಟು ಸುತ್ತಿದರೂ ವಾಸನೆ ಮಾತ್ರ ಒಳಗೆ ಕೂರಲೊಲ್ಲದು.

ಅದು 2009ರ ಮಾರ್ಚ್ ತಿಂಗಳು. ಮದ್ದೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದೆ. ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕಲ್ಲುಗುಡ್ಡ, ಅದರ ಹೊಟ್ಟೆಯಲ್ಲಿ ಗವಿಯಮ್ಮನ ಗವಿ, ಗವಿಯ ತುಂಬ ಬಾವಲಿಗಳು. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋದವಳು ಆಮೇಲೆ ಹೋಗುವುದನ್ನು ಬಿಡಲಿಲ್ಲ. ಯಾವ ತಿಂಗಳು ಮರಿ, ಯಾವ ತಿಂಗಳು ಎಷ್ಟು ಹೊತ್ತಿಗೆ ಹೊರಡುತ್ತವೆ ಎಂದು ಬರೆದು ಚೆನ್ನೈನ ಡಾ. ರಾಘವನ್ ಎಂಬ ಬಾವಲಿ ತಜ್ಞರಿಗೆ ಕಳಿಸುತ್ತಿದ್ದೆ. ಅವರೇ ಈಗ ಕರೆಸಿಕೊಂಡಿದ್ದರು. ಅಮೆರಿಕದಲ್ಲಿ ಬಾವಲಿಗಳಿಗೆ ಹೊಸದೊಂದು ರೋಗ ಬಂದು ಗವಿ ಗವಿಗಳೇ ಖಾಲಿಯಾಗುತ್ತಿವೆಯಂತೆ. ನಮ್ಮಲ್ಲಿಗೆ ಅದು ಬರುವ ಮೊದಲೇ ದಕ್ಷಿಣದ ರಾಜ್ಯಗಳ ಗವಿ ಬಲ್ಲವರೆಲ್ಲ ಒಟ್ಟಿಗೆ ಕೂತು ಏನು ಮಾಡಬೇಕೆಂದು ಗೊತ್ತುಮಾಡಬೇಕು. "ಬಾವಲಿಗೂ ಮೀಟಿಂಗಾ? ಅವೂ ತಲೆಕೆಳಗಾಗಿ ಕೂತ್ಕೊಂಡು ಕೈ ಎತ್ತುತ್ವಾ?" ಎಂದು ನಮ್ಮ ಯಜಮಾನರು ನಕ್ಕಿದ್ದರು. ನಗಲಿ. ಐವತ್ತರ ಹತ್ತಿರ ಬಂದವಳಿಗೆ ಮೊದಲ ಸಲ ಯಾರೋ ಟಿಕೆಟು ಕೊಟ್ಟು ಕರೆಸುತ್ತಿದ್ದರು. ಹಿಂದಿನ ದಿನವೆಲ್ಲ ನನಗೆ ಅನ್ನ ಸೇರಿರಲಿಲ್ಲ.

ಬಂಗಾರಪೇಟೆಯಲ್ಲಿ ವಡೆಯವನು ಹತ್ತಿದ. ಬಿಸಿಯಾಗಿತ್ತು, ಉಪ್ಪು ಸ್ವಲ್ಪ ಮುಂದು. ಕುಪ್ಪಂನಲ್ಲಿ ಎದುರು ಸೀಟಿಗೆ ಬಂದು ಕೂತ ಹೆಂಗಸು ಮದುವೆಗೆ ಹೊರಟಿದ್ದರು. ರೇಷ್ಮೆ ಸೀರೆ, ಮುಡಿ ತುಂಬ ಕನಕಾಂಬರ. ಐದು ನಿಮಿಷ ಮೂಗು ಆಡಿಸಿ, ಕಡೆಗೆ ತಡೆಯಲಾರದೆ ಕೇಳಿಯೇಬಿಟ್ಟರು.

"ಒಣಮೀನಾ ಅಕ್ಕಾ?"

"ಅಲ್ಲ, ಬೂಟು. ಬಾವಲಿ ಗವಿಗೆ ಹಾಕ್ಕೊಂಡು ಹೋಗೋದು."

ಸೀಟು ಬದಲಾಯಿಸುತ್ತಾರೆಂದುಕೊಂಡೆ. ಅವರು ಮುಂದಕ್ಕೆ ಬಾಗಿ, "ಅದರ ಮಾಂಸ ತಿಂದ್ರೆ ಉಬ್ಬಸ ಹೋಗುತ್ತಂತಲ್ಲ, ನಿಜವಾ? ನಮ್ಮ ನಾದಿನಿಗೆ..." ಎಂದರು. ಸುಳ್ಳೆಂದೆ. ಡಾಕ್ಟರ ಮಾತ್ರೆಯನ್ನೇ ತಪ್ಪದೆ ಕೊಡಿ ಎಂದೆ. ಒಂದು ರಾತ್ರಿಗೆ ಅವು ಎಷ್ಟು ಹುಳ ತಿನ್ನುತ್ತವೆ, ಮರಿಯನ್ನು ಹೇಗೆ ಎದೆಗೆ ಕಚ್ಚಿಸಿಕೊಂಡು ಹಾರುತ್ತವೆ ಎಂದು ಶುರುಮಾಡಿದ ನನ್ನ ಪಾಠ ಜೋಲಾರಪೇಟೆ ದಾಟಿದರೂ ಮುಗಿಯಲಿಲ್ಲ. ಕಾಟ್ಪಾಡಿಯಲ್ಲಿ ಆಕೆ ತಮ್ಮ ಪುಳಿಯೋಗರೆಯ ಅರ್ಧ ಪೊಟ್ಟಣ ನನಗೇ ಕೊಟ್ಟರು. "ಮಾತಾಡಿ ಮಾತಾಡಿ ನಿಮಗೆ ಹಸಿದಿರುತ್ತೆ."

ಮಧ್ಯಾಹ್ನದ ಹೊತ್ತಿಗೆ ಸೆಂಟ್ರಲ್ ಸ್ಟೇಷನ್. ಹೊರಗೆ ಕಾಲಿಟ್ಟೊಡನೆ ಬೆವರು. ಟ್ರಿಪ್ಲಿಕೇನ್‌ಗೆ ಆಟೋದವನು ನೂರಿಪ್ಪತ್ತು ಕೇಳಿ, ನಾನು ತಿರುಗಿ ನಡೆದ ಮೇಲೆ ಎಂಬತ್ತಕ್ಕೆ ಬಂದ. ಪದ್ದತ್ತೆ ನಮ್ಮ ಯಜಮಾನರ ಸೋದರತ್ತೆ. ಅವರ ಮಾವನ ಕಾಲದಿಂದಲೂ ಆ ಓಣಿಯ ಅದೇ ಮನೆ. ಅವರ ಕನ್ನಡದಲ್ಲಿ ತಮಿಳು ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಶುರುವಾಯಿತು ಎಂದು ಅವರಿಗೂ ಗೊತ್ತಿಲ್ಲ.

"ವಾಮ್ಮಾ ಇಂದಿರಾ, ವಾ! ಟ್ರೈನು ಲೇಟಾ?" ಎಂದು ಬಾಗಿಲಿಗೆ ಬಂದವರು ಅಲ್ಲೇ ನಿಂತರು. "ಅಯ್ಯೋ ರಾಮಾ, ಏನೇ ಈ ನಾತ್ತ! ಆ ಚೀಲ ತಿಣ್ಣೆ ಮೇಲೆ ಇಡು. ಒಳಗೆ ತರಬೇಡ. ನೀನೂ ಹಿತ್ತಲ ಕಡೆಯಿಂದ ವಾ, ಸ್ನಾನ ಮಾಡಿ, ಸೀರೆ ಮಾತ್ತಿಕೊಂಡು ಆಮೇಲೆ ಏನಾದರೂ ಮುಟ್ಟು."

ಎಪ್ಪತ್ತೆಂಟರ ಮುದುಕಿ, ಕೋಲಿನಂತೆ ನೆಟ್ಟಗೆ. ಅವರ ಮಡಿಸೀರೆ ಸೂರಿನ ಕೆಳಗೆ, ಯಾರ ಕೈಗೂ ಎಟುಕದ ಗಳುವಿನ ಮೇಲೆ ಒಣಗುತ್ತಿತ್ತು. ಅದನ್ನು ಹಾಕಲು ತೆಗೆಯಲು ಒಂದು ಬಿದಿರುಕೋಲು. ಅವರ ಮೊಮ್ಮಗಳು ಶ್ರೀನಿಧಿ ಕಾಲೇಜಿಗೆ ಹೋಗುವವಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ. "ವವ್ವಾಲ್ ರೊಂಬ ಕ್ಯೂಟ್, ಪಾಟ್ಟಿ" ಎಂದು ಬಾವಲಿಯ ಪರವಾಗಿ ಒಂದು ಮಾತು ಹೇಳಿ ಅಜ್ಜಿಯಿಂದ ಬೈಸಿಕೊಂಡಳು. ನಾನು ಬಿಸಿನೀರು ಹುಯ್ದುಕೊಂಡು ಬಂದು ಎಲೆಯ ಮುಂದೆ ಕೂತೆ. ಕಟ್ಟಿನ ಸಾರು, ಬಾಳೆಕಾಯಿ ಪಲ್ಯ. ಅಷ್ಟು ದೂರ ಬಂದದ್ದೂ ಸಾರ್ಥಕವೆನಿಸುವ ಸಾರು.

ಮಾರನೆಯ ದಿನ ಬೆಳಿಗ್ಗೆ ಇಡ್ಲಿ ತಿಂದು ಎಗ್ಮೋರಿಗೆ ಬಸ್ಸು ಹಿಡಿದೆ. ಸ್ಟೇಷನ್ನಿಗೆ ಹತ್ತಿರದ ಹೋಟೆಲೊಂದರ ಮಹಡಿಯ ಹಾಲಿನಲ್ಲಿ ಸಭೆ. ಇಪ್ಪತ್ತು ಜನರಿದ್ದೆವೇನೋ. ಹಾಲಿನ ಹೊರಗೆ ಒಂದು ಮೂಲೆಯಲ್ಲಿ ಎಲ್ಲರೂ ತಂದ ಗವಿಯ ಚೀಲಗಳ ರಾಶಿ. ಮಾರನೆಯ ಸಂಜೆ ತಿರುವೊಟ್ಟಿಯೂರಿನ ಆಚೆಯ ಪಾಳು ಉಪ್ಪಿನ ಗೋದಾಮಿನ ಬಾವಲಿಗಳನ್ನು ನೋಡಲು ಹೋಗುವುದಿತ್ತು. ಅಲ್ಲಿ ಇಲಿಬಾಲದ ಬಾವಲಿ ಇದೆಯೆಂದು ರಾಘವನ್ ಬರೆದಿದ್ದರು. ದಾರದಂಥ ಉದ್ದ ಬಾಲ! ನಾನು ಕಂಡೇ ಇರಲಿಲ್ಲ. ನನ್ನ ಚೀಲವನ್ನೂ ರಾಶಿಗೆ ಸೇರಿಸಿದೆ. ನನ್ನದೊಂದೇ ನಾರುವುದಲ್ಲವೆಂದು ಸಮಾಧಾನವಾಯಿತು.

ಪಕ್ಕದ ಕುರ್ಚಿಯಲ್ಲಿ ಕೋಲಾರದ ಕಡೆಯ ಡ್ರಾಯಿಂಗ್ ಮೇಷ್ಟ್ರು ಮುನಿರಾಜು. ತಮ್ಮೂರ ಬೆಟ್ಟದ ಗವಿಯ ಬಾವಲಿಗಳನ್ನು ಎಷ್ಟೋ ವರ್ಷದಿಂದ ಬಿಡಿಸುತ್ತಿದ್ದಾರೆ. ಕನ್ನಡ ಕೇಳಿದ ಖುಷಿಗೆ ಇಬ್ಬರೂ ಕಾಫಿಗೆ ಮೊದಲೇ ಸ್ನೇಹಿತರಾದೆವು.

ದೀಪ ಆರಿಸಿ ಚಿತ್ರಗಳನ್ನು ತೋರಿಸಿದರು. ಅಮೆರಿಕದ ಗವಿಗಳಲ್ಲಿ ಎರಡು ವರ್ಷ ಕೆಲಸ ಮಾಡಿ ಆಗಷ್ಟೇ ಬಂದಿದ್ದ ವಿವೇಕ್ ಎಂಬ ಯುವಕ ವಿವರಿಸಿದ. ಅಲ್ಲಿನ ಬಾವಲಿಗಳು ಚಳಿಗಾಲವೆಲ್ಲ ನಿದ್ದೆ ಮಾಡುತ್ತವೆ, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಬದುಕುತ್ತವೆ. ಈ ರೋಗದಲ್ಲಿ ಮೂಗಿನ ಮೇಲೆ, ರೆಕ್ಕೆಯ ಮೇಲೆ ಬಿಳಿ ಬೂಷ್ಟು ಬರುತ್ತದೆ. ಅವು ಮತ್ತೆ ಮತ್ತೆ ಎಚ್ಚರಗೊಂಡು, ಕೊಬ್ಬೆಲ್ಲ ಕರಗಿ, ಹಸಿವಿಗೆ ಹಿಮದ ನಡುವೆ ಹಾರಿ ಹೋಗಿ ಬೀಳುತ್ತವೆ. ತೆರೆಯ ಮೇಲೆ ಒಂದು ಪುಟ್ಟ ಮುಖ, ಅಕ್ಕಿಹಿಟ್ಟಿನ ಡಬ್ಬಿಗೆ ಮೂಗು ತೂರಿಸಿ ಸಿಕ್ಕಿಬಿದ್ದ ಮಗುವಿನ ಹಾಗೆ. 

ಹೇಗೆ ಹರಡುತ್ತದೆ ಎಂದು ಯಾರೋ ಕೇಳಿದರು. "ಒಂದರಿಂದ ಒಂದಕ್ಕೆ. ಜೊತೆಗೆ, ಗವಿಗೆ ಹೋಗುವವರ ಬೂಟು, ಹಗ್ಗ, ಬಟ್ಟೆಯಲ್ಲೂ ಬರಬಹುದು ಅನ್ನೋ ಅನುಮಾನ ಇದೆ. ಇನ್ನೂ ಖಚಿತವಿಲ್ಲ" ಎಂದ ವಿವೇಕ್.

"ಚೆನ್ನೈಯಲ್ಲಿ ಯಾವ ಚಳಿ ಸಾರ್? ಇಲ್ಲಿ ಬಾವಲಿ ಅಲ್ಲ, ನಾವೇ ನಿದ್ದೆ ಮಾಡಕ್ಕಾಗಲ್ಲ" ಎಂದರು ಹಿಂದಿನ ಸಾಲಿನ ಒಬ್ಬರು. ಎಲ್ಲರೂ ನಕ್ಕರು. ರಾಘವನ್ ಕೂಡ ನಕ್ಕು, "ನಿಜ, ನಮ್ಮ ಕಡೆಗೆ ಅದು ಬರದೆಯೂ ಇರಬಹುದು. ಆದರೆ ಇಲ್ಲಿಂದ ಹಿಮಾಲಯದ ತಣ್ಣನೆ ಗವಿಗಳಿಗೆ ಹೋಗೋರಿದ್ದಾರೆ. ಇದಲ್ಲದಿದ್ದರೆ ಇನ್ನೊಂದು ರೋಗ ಬರಬಹುದು. ಮನೆಗೆ ಬೆಂಕಿ ಬಿದ್ದಮೇಲೆ ಬಾವಿ ತೋಡೋದು ಬೇಡ" ಎಂದರು. ಅವರು ಮೈಸೂರಿನಲ್ಲಿ ಓದಿದವರು, ನಮ್ಮಿಬ್ಬರ ಕಡೆ ನೋಡಿ ಗಾದೆಯನ್ನು ಕನ್ನಡದಲ್ಲೇ ಹೇಳಿದ್ದರು. ಎಲ್ಲ ಕೆಟ್ಟಮೇಲೆ ಅಳುವ ಸಭೆಗಳೇ ಲೋಕದಲ್ಲಿ ಹೆಚ್ಚು. ಇಲ್ಲಿ ಕೆಡುವ ಮೊದಲೇ ಕೂತಿದ್ದೆವು.

ಆಮೇಲೆ ಯೋಜನೆಯ ಕರಡನ್ನು ಓದಿದರು. ಮುಖ್ಯ ಗವಿಗಳ ಬಾಯಿಗೆ ಕಬ್ಬಿಣದ ಜಾಲರಿ, ಬಾವಲಿ ತೂರುವಷ್ಟು ಸಂದು, ಜನ ಹೋಗದಂತೆ ಬೀಗ. ಹಣ ಕೊಡುವವರೂ ಸಿಕ್ಕಿದ್ದರು. ಮೊದಲು ಬೀಗ ಬೀಳುವ ಗವಿಗಳಲ್ಲಿ ನಮ್ಮ ಗವಿಯಮ್ಮನ ಗವಿಯ ಹೆಸರು ಕೇಳಿದೊಡನೆ ನಾನು ಕೈ ಎತ್ತಿದೆ.

ಯಾಕೆಂದು ಹೇಳುತ್ತೇನೆ. ಯುಗಾದಿಗೆ ಮುನ್ನಾದಿನ ನಮ್ಮೂರವರು ಮಿಂದು, ಒದ್ದೆಬಟ್ಟೆಯಲ್ಲಿ, ಬರಿಗಾಲಲ್ಲಿ ಗವಿಯೊಳಗೆ ಹೋಗಿ ಅಲ್ಲಿನ ಒರತೆಯಿಂದ ಒಂದೊಂದು ಚೆಂಬು ನೀರು ತರುತ್ತಾರೆ. ವರ್ಷಕ್ಕೆ ಆ ಒಂದೇ ದಿನ. ಹಿಂದೊಮ್ಮೆ ಯಾರೋ ಪುಣ್ಯಾತ್ಮರು, ಕುಡುಕರು ನುಗ್ಗಿ ಬಾವಲಿಗಳನ್ನು ಕೆಣಕುತ್ತಾರೆಂದು ಗವಿಗೆ ಗೇಟು ಹಾಕಿಸಿ ಬೀಗ ಜಡಿದು ಊರು ಬಿಟ್ಟರು. ಹಬ್ಬದ ದಿನ ಬೀಗ ತೆಗೆಯುವವರಿಲ್ಲ. ಗೇಟು ಮುರಿದರು, ಕೋಪ ಅಷ್ಟಕ್ಕೇ ಇಳಿಯಲಿಲ್ಲ. ಈ ಹಾಳು ತೊಗಲುಬಾವಲಿಗಳಿಂದಲೇ ಇದೆಲ್ಲ ಎಂದು ಒಳಗೆ ಒಣಮೆಣಸಿನಕಾಯಿ ಹೊಗೆ ಹಾಕಿದರು. ಬಾವಲಿಗಳು ಮರಳಿ ಬರಲು ವರ್ಷಗಳೇ ಹಿಡಿದವು. ಪೂಜಾರಿ ಚಿಕ್ಕೀರಯ್ಯನಿಗೆ, ಇನ್ನು ಯಾರೂ ಬೀಗ ಹಾಕುವುದಿಲ್ಲ ಎಂದು ನಾನು ಮಾತು ಕೊಟ್ಟ ಮೇಲೆಯೇ ಅವನು ನನ್ನನ್ನು ಗವಿಯೊಳಗೆ ಬಿಟ್ಟದ್ದು. ಯುಗಾದಿ ಇನ್ನು ಕೆಲವೇ ವಾರ.

ಎದ್ದು ನಿಂತು ಇದನ್ನೆಲ್ಲ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಮಧ್ಯೆ ಮಧ್ಯೆ ಮುನಿರಾಜು ಮಾತು ಒದಗಿಸಿದರು. ರಾಘವನ್ ಕೇಳಿಸಿಕೊಂಡು ಕನ್ನಡಕ ಒರೆಸಿದರು. "ಅರ್ಥವಾಗುತ್ತೆ ಮೇಡಂ. ಆದರೆ ಬೀಗ ಇಲ್ಲದೆ ಗವೀನ ಕಾಯೋದು ಹೇಗೆ? ಅದಕ್ಕೊಂದು ದಾರಿ ಹೇಳಿ. ನಾಳೆ ಮಧ್ಯಾಹ್ನ ತೀರ್ಮಾನ."

ಬಸ್ಸಿನಲ್ಲಿ ಮನೆಯವರೆಗೂ ಅದನ್ನೇ ಹುಡುಕಿದೆ.

ಸಂಜೆ ಮನೆಗೆ ಬಂದವಳ ಮುಖ ನೋಡಿಯೇ ಪದ್ದತ್ತೆ, "ಏನಾಯ್ತೇ?" ಎಂದರು. ಅಡುಗೆಮನೆಯ ಹೊಸ್ತಿಲಾಚೆ ಅವರು ಹುರುಳಿಕಾಯಿ ಹೆಚ್ಚುತ್ತ, ಈಚೆ ನಾನು ಮಣೆಯ ಮೇಲೆ ಕೂತು ಎಲ್ಲ ಹೇಳಿದೆ.

"ಬೀಗ ಯಾತಕ್ಕೇ?" ಎಂದರು. "ಈ ಅಡುಗೆಮನೆಗೆ ಬಾಗಿಲೇ ಇಲ್ಲ, ಪಾರ್, ನೀನೇ ನೋಡು. ನಾನು ಮದುವೆಯಾಗಿ ಬಂದಾಗಿಂದಲೂ ಇಲ್ಲ. ಮೀಯದೆ ಒಬ್ಬರು ನುಗ್ಗಿದ್ದಾರಾ? ನಿನ್ನ ಗಂಡ ಚಿಕ್ಕವನಿದ್ದಾಗ ಒಂದು ಸಲ ಬಂದ. ಬಿದಿರುಕೋಲಲ್ಲಿ ಕೊಟ್ಟೆ. ಅಷ್ಟೇ."

ನಾನು ನಕ್ಕೆ. ನಗುತ್ತಿದ್ದ ಹಾಗೆ ತಲೆಯಲ್ಲೊಂದು ದೀಪ ಹತ್ತಿಕೊಂಡಿತು. ಬಾಗಿಲಿಗೆ ಕಾವಲಲ್ಲ, ಬರುವವನ ಮೈಗೆ ಕಾವಲು! ಹೊರಗಿನ ಬಟ್ಟೆ ಹೊರಗೇ, ಒಳಗಿನ ಬಟ್ಟೆ ಒಳಗೇ. ನನ್ನ ಬೂಟಿನ ಚೀಲವನ್ನು ಅವರು ತಿಣ್ಣೆಯ ಮೇಲೆ ನಿಲ್ಲಿಸಿದ್ದೂ ಅದೇ ಲೆಕ್ಕದಲ್ಲಿ. ಎದ್ದು ಅವರನ್ನು ಅಪ್ಪಿಕೊಳ್ಳಹೋದೆ. "ಮುಟ್ಟಬೇಡ, ಮುಟ್ಟಬೇಡ!" ಎಂದು ಚಾಕು ಹಿಡಿದೇ ಹಿಂದೆ ಸರಿದರು.

ಮೂರನೆಯ ದಿನ ಬೆಳಗಿನ ಕಾಫಿಯ ಹೊತ್ತಿಗೆ ಮುನಿರಾಜು ಅವರಿಗೆ ಮೊದಲು ಹೇಳಿದೆ. ಹುಮ್ಮಸ್ಸಿನಲ್ಲಿ ಉಸಿರು ಬಿಡದೆ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಮಡಿ ಅಂತೀರಾ ಮೇಡಂ? ಮಡಿ ಅಂದ್ರೆ ನಮ್ಮ ತಾತನ್ನ ಅಂಗಳದಲ್ಲಿ ನಿಲ್ಸಿ, ಕುಡಿಯೋಕೆ ಬೊಗಸೆಗೆ ಮೇಲಿಂದ ನೀರು ಹುಯ್ತಿದ್ದದ್ದು. ನನಗೆ ಗೊತ್ತಿರೋ ಮಡಿ ಅದು."

ಕೆಳಗೆ ಎಗ್ಮೋರಿನ ಹಾರ್ನುಗಳು ಒಂದೇ ಸಮ ಕೂಗುತ್ತಿದ್ದವು. "ತಪ್ಪಾಯ್ತು. ಆ ಪದ ಬೇಡ" ಎಂದೆ.

"ಪದ ಇರ್ಲಿ ಬಿಡಿ, ವಿಷಯ ನೋಡೋಣ," ಎಂದು ಮೀಸೆ ತೀಡಿಕೊಂಡರು. "ನಿಮ್ಮೂರೋರು ಬರಿಗಾಲಲ್ಲಿ, ಮಿಂದು ಹೋಗ್ತಾರೆ ಅಂದ್ರಿ. ಬೇರೆ ಯಾವುದಾದ್ರೂ ಗವಿಗೆ ಹೋಗ್ತಾರಾ?"

"ಇಲ್ಲ. ಅದೊಂದಕ್ಕೇ."

"ಮತ್ತೆ ಗವಿಯಿಂದ ಗವಿಗೆ ತಿರುಗೋರು ಯಾರು?"

ನಾವಿಬ್ಬರೂ ಒಟ್ಟಿಗೆ ತಿರುಗಿ ಮೂಲೆಯಲ್ಲಿದ್ದ ಚೀಲಗಳ ರಾಶಿಯನ್ನು ನೋಡಿದೆವು. ಒಂದರ ಮೇಲೊಂದು ಒರಗಿ, ಆಂಧ್ರದ ಗವಿಯ ಮಣ್ಣು, ಕೇರಳದ ಗವಿಯ ಮಣ್ಣು, ನಮ್ಮ ಮಣ್ಣು. ಎಲ್ಲದರ ಮೇಲೆ ವಿವೇಕನ ಅಮೆರಿಕದ ದೊಡ್ಡ ಬೂಟು, ಅಟ್ಟೆಯ ಗೀರುಗಳಲ್ಲಿ ಒಣಗಿದ ಕೆಸರು ಹಾಗೇ.

"ಥೂ ನಮ್ಮ!" ಎಂದರು ಮುನಿರಾಜು.

ಸಭೆಯಲ್ಲಿ ಅವರೇ ಎದ್ದರು. "ಸಾರ್, ಒಂದೇ ಪ್ರಶ್ನೆ. ಬೀಗ ಹಾಕಿದ ಮೇಲೆ ಬೀಗದಕೈ ಯಾರ ಹತ್ರ ಇರುತ್ತೆ?"

"ನಮ್ಮ ಹತ್ತಿರವೇ. ಅಧ್ಯಯನ ಮಾಡುವವರ ಹತ್ತಿರ" ಎಂದರು ರಾಘವನ್.

"ಅಂದ್ರೆ ರೋಗ ತರಲಾರದೋರು ಹೊರಗೆ, ತರಬಹುದಾದ ನಾವು ಒಳಗೆ."

ಮೊದಲು ನಕ್ಕವನು ವಿವೇಕ್. ಕೆಂಪಾಗಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ನನ್ನ ಬೂಟು!" ಎಂದ. ಹೋಟೆಲಿನವರಿಂದ ದೊಡ್ಡ ಪ್ಲಾಸ್ಟಿಕ್ ಚೀಲ ತರಿಸಿ, ಬೂಟನ್ನು ಇಕ್ಕಳದಲ್ಲಿ ಹಾವು ಎತ್ತುವ ಹಾಗೆ ಎತ್ತಿ ತುಂಬಿ ಕಟ್ಟಿದ. ಆಮೇಲೆ ಶುರುವಾದ ಮಾತು ಮೂರು ಭಾಷೆಗಳಲ್ಲಿ ಊಟದ ಗಂಟೆಯನ್ನೂ ದಾಟಿತು. ಸಾಂಬಾರ್ ಆರಿದರೂ ಯಾರೂ ಏಳಲಿಲ್ಲ. ಕಡೆಗೆ ಬರೆದದ್ದು ಸರಳವಾಗಿತ್ತು: ಪ್ರತಿ ಗವಿಗೂ ಅದರದೇ ಚಪ್ಪಲಿ, ಅದರದೇ ಬಟ್ಟೆ, ಅದರದೇ ಹಗ್ಗ, ಅವು ಆ ಊರಿನಲ್ಲೇ ಇರಬೇಕು, ಬಳಸಿದ ಮೇಲೆ ಕುದಿಯುವ ನೀರಿನಲ್ಲಿ ಹಾಕಬೇಕು. ಒಂದು ಗವಿ ಕಂಡು ಬಂದವರು ಮೀಯದೆ, ಬಟ್ಟೆ ಬದಲಿಸದೆ ಇನ್ನೊಂದಕ್ಕೆ ಹೋಗಬಾರದು. ಊರವರ ಪೂಜೆ ಊರವರದು. ಜಾಲರಿ ಬೇಕೋ ಬೇಡವೋ ಎಂದು ಆಯಾ ಊರಿನವರನ್ನೇ ಕೇಳಬೇಕು. ಗವಿಯಮ್ಮನ ಗವಿಯ ಹೆಸರಿನ ಮುಂದೆ ಬರೆದಿದ್ದ ಬೀಗವನ್ನು ರಾಘವನ್ ನನ್ನೆದುರೇ ಪೆನ್ನಿನಿಂದ ಹೊಡೆದುಹಾಕಿದರು. ಕಣ್ಣು ತುಂಬಿ ಬಂತು; ಪಕ್ಕದ ಮೇಜಿನಲ್ಲಿ ಬಡಿಸುತ್ತಿದ್ದ ಸೀಗಡಿಯ ಖಾರದ ಘಾಟು ಎಂದು ನೆಪ ಹೇಳಿದೆ.

ಎಲ್ಲ ಮುಗಿದು ವ್ಯಾನು ಬಂದು ನಿಂತಾಗ ಯಾರಿಗೋ ಹೊಳೆಯಿತು. "ಈಗ ಗೋದಾಮಿಗೆ ಹೋಗೋದು ಯಾವ ಬೂಟಲ್ಲಿ?"

ತಂದದ್ದೆಲ್ಲ ನಮ್ಮ ನಮ್ಮ ಗವಿಯದು. ಶಾಯಿ ಆರುವ ಮೊದಲೇ ನಮ್ಮ ನಿಯಮ ನಮ್ಮ ಕಾಲನ್ನೇ ಹಿಡಿದಿತ್ತು. ಅಂಗಡಿಯಲ್ಲಿ ಹವಾಯಿ ಚಪ್ಪಲಿ ಕೊಳ್ಳೋಣವೆಂದರೊಬ್ಬರು. ಬಟ್ಟೆ? ಟಾರ್ಚು? ತಲೆಗೂದಲು? ರಾಘವನ್ ಕೈ ಎತ್ತಿಬಿಟ್ಟರು. "ಇವತ್ತು ಯಾರೂ ಒಳಗೆ ಬೇಡ. ಹೊರಗೇ ನಿಂತು ನೋಡೋಣ." ಇಲಿಬಾಲದ ಬಾವಲಿ ಗೋಡೆಗೆ ಅಂಟಿಕೊಂಡಿರುವುದನ್ನು ಹತ್ತಿರದಿಂದ ನೋಡಬೇಕೆಂದು ನಾನು ಮನಸ್ಸಿನಲ್ಲೇ ಎಷ್ಟು ಸಲ ಆ ಗೋದಾಮು ಹೊಕ್ಕಿದ್ದೆನೋ. ಬೇಸರವಾಯಿತು. ಆದರೆ ನನ್ನ ಗವಿ ಉಳಿಸಿದ ನಿಯಮಕ್ಕೆ ನಾನೇ ಮೊದಲು ಮೂತಿ ಉಬ್ಬಿಸುವುದೆಂತು?

ಬಂದರಿಗೆ ಹೋಗುವ ಲಾರಿಗಳ ಸಾಲಿನ ಹಿಂದೆ ತೆವಳುತ್ತ ತಿರುವೊಟ್ಟಿಯೂರು ದಾಟುವಾಗ ಹೊತ್ತು ಇಳಿದಿತ್ತು. ಒಂದು ಕಡೆ ಕಡಲು, ಬಲೆ ಒಣಗಿಸಿದ ಮರಳು, ಮೀನು ಹೆಚ್ಚುವ ಹೆಂಗಸರು. ಇನ್ನೊಂದು ಕಡೆ ಕಾರ್ಖಾನೆಗಳ ಕಾಂಪೌಂಡು. ಗೋದಾಮಿನ ಕಾವಲುಗಾರ ಬೀಗ ತೆಗೆದು ಕಾದಿದ್ದವನು, ಇಷ್ಟು ದೊಡ್ಡ ಜನ ಬಂದು ಹೊರಗೇ ನಿಂತದ್ದು ಕಂಡು ಪೆಚ್ಚಾದ. "ಉಳ್ಳೇ ವಾಂಗ ಸಾರ್, ಬಯಪ್ಪಡಾದೀಂಗ" ಎಂದು ಒಳಗೆ ಕರೆದು ಧೈರ್ಯ ತುಂಬಿದ. ನಮಗೆ ಹೆದರಿಕೆಯೆಂದುಕೊಂಡನಲ್ಲ ಎಂದು ಮುನಿರಾಜು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೂರ್ಯ ಮುಳುಗಿದ. ಪಡುವಣಕ್ಕೆ ಮಣಲಿಯ ಎಣ್ಣೆ ಕಾರ್ಖಾನೆಯ ಚಿಮಣಿಯ ತುದಿಯಲ್ಲಿ ಉರಿಯುವ ಬೆಂಕಿ, ಕತ್ತಲಾದಂತೆ ದೊಡ್ಡದಾಗಿ ಕಂಡಿತು. ಗೋದಾಮಿನ ಮುರಿದ ಕಿಟಕಿಯಿಂದ ಮೊದಲೊಂದು, ಆಮೇಲೆ ನಾಲ್ಕು, ಆಮೇಲೆ ಕೊಡ ಬೋರಲು ಮಾಡಿದ ಹಾಗೆ! ತಲೆಯ ಮೇಲೆಯೇ ಹಾದವು. ರೆಕ್ಕೆಯ ಗಾಳಿ ಕೆನ್ನೆಗೆ ತಾಗಿತು. ಏಳುತ್ತ ಬೀಳುತ್ತ, ಅಲೆಯ ಮೇಲಿನ ದೋಣಿಯಂತೆ ಹಾರುವ ಒಂದು ಬಾವಲಿ ಬೆಂಕಿಯ ಬೆಳಕಿಗೆ ಅಡ್ಡ ಬಂತು. ಅದರ ಹಿಂದೆ, ಕಂಡಿತೋ ಕಂಡಂತಾಯಿತೋ, ಒಂದು ಸಣ್ಣ ದಾರ.

"ಬಾಲ! ಬಾಲ!" ಎಂದು ನಾನು ಕೂಗಿಬಿಟ್ಟೆ. ನಾಲ್ಕು ರಾಜ್ಯದ ಪಂಡಿತರ ನಡುವೆ ನಿಂತು, ಕನ್ನಡದಲ್ಲಿ, ಮಕ್ಕಳ ಹಾಗೆ. ಯಾರಿಗೂ ಅನುವಾದ ಬೇಕಾಗಲಿಲ್ಲ.

ಅಲ್ಲಿಂದಲೇ ರಾಘವನ್ ಅವರ ಮೊಬೈಲಿನಲ್ಲಿ ಚಿಕ್ಕೀರಯ್ಯನ ಪಕ್ಕದ ಮನೆಗೆ ಫೋನು ಮಾಡಿದೆ. ಅವನು ಬಂದು ಹಲೋ ಎನ್ನುವಷ್ಟರಲ್ಲಿ ಅರ್ಧ ಗೋದಾಮು ಖಾಲಿಯಾಗಿತ್ತು.

"ಬೀಗ ಹಾಕಲ್ಲ ಚಿಕ್ಕೀರಯ್ಯ. ಹಬ್ಬ ನಿಮ್ಮ ಪಾಡಿಗೆ ಮಾಡ್ಕೊಳ್ಳಿ."

"ಅಂಗಾದ್ರೆ ಸರಿ ಕಣವ್ವ. ನಿಮ್ಮ ಆ ದೊಡ್ಡೋರ್ನೂ ಹಬ್ಬಕ್ಕೆ ಕರ್ಕೊಂಬನ್ನಿ. ಒಬ್ಬಟ್ಟು ಮಾಡುಸ್ತೀನಿ."

ಮಾರನೆಯ ಬೆಳಿಗ್ಗೆ ಬೃಂದಾವನ ಎಕ್ಸ್‌ಪ್ರೆಸ್. ಪದ್ದತ್ತೆ ಮೊಸರನ್ನ, ಮಾವಿನಮಿಡಿ ಕಟ್ಟಿಕೊಟ್ಟು, "ಬಾವಲಿಗೆಲ್ಲ ಸೌಖ್ಯವಾ?" ಎಂದು ಗಂಭೀರವಾಗಿಯೇ ಕೇಳಿ ಬೀಳ್ಕೊಟ್ಟರು. ಮುನಿರಾಜು ಬಂಗಾರಪೇಟೆಯವರೆಗೂ ಜೊತೆಗಿದ್ದರು. ಗೋದಾಮಿನ ಬಾವಲಿಗಳನ್ನು ಟಿಕೆಟಿನ ಹಿಂಬದಿಯಲ್ಲಿ ಬಿಡಿಸುತ್ತ, ಮೊಸರನ್ನದಲ್ಲಿ ಪಾಲು ತೆಗೆದುಕೊಳ್ಳುತ್ತ ಬಂದರು. ಅರಕ್ಕೋಣಂ, ಕಾಟ್ಪಾಡಿ, ಆಂಬೂರು. ಬಿಸಿಲಿಗೆ ಬೆಂದ ಬೋಳು ಗುಡ್ಡಗಳು ಕಿಟಕಿಯಲ್ಲಿ ಹಾದುಹೋದವು. ಇಂಥ ಪ್ರತಿ ಗುಡ್ಡದ ಒಳಗೂ ಯಾರೋ ತಲೆಕೆಳಗಾಗಿ ಮಲಗಿದ್ದಾರೆ ಎನಿಸಿ ಮನಸ್ಸು ಹಗುರವಾಯಿತು.

ಬಂಗಾರಪೇಟೆಯಲ್ಲಿ ಮುನಿರಾಜು ಇಳಿದು, ಕಿಟಕಿಯ ಸರಳು ಹಿಡಿದು ನಿಂತು, "ನಮ್ಮ ಗವಿ ನೋಡೋಕೆ ಬನ್ನಿ ಮೇಡಂ" ಎಂದರು.

"ಖಂಡಿತ ಬರ್ತೀನಿ. ನನ್ನ ಬೂಟು, ಬಟ್ಟೆ ಏನೂ ತರೋ ಹಾಗಿಲ್ಲವಲ್ಲ."

"ತರಬೇಡಿ. ಮೊದಲು ನಮ್ಮನೇಲಿ ಸ್ನಾನ. ನೀರು ಕಾಯಿಸಿಟ್ಟಿರ್ತೀವಿ. ನಮ್ಮನೆಯವಳು ತನ್ನ ಸೀರೆ ಕೊಡ್ತಾಳೆ, ಅದನ್ನ ಉಟ್ಕೊಂಡು ಗವಿಗೆ ಬರಬೇಕು. ಆಗುತ್ತಾ?" ನಗುತ್ತಲೇ ಕೇಳಿದರು, ಕಣ್ಣು ಮಾತ್ರ ನನ್ನ ಮುಖ ಬಿಡಲಿಲ್ಲ.

"ಆಗುತ್ತೆ" ಎಂದೆ. "ಸೀರೆ ಯಾವ ಬಣ್ಣದ್ದಾದರೂ ಸರಿ."

ರೈಲು ಹೊರಟಿತು. ಅವರು ಪ್ಲಾಟ್‌ಫಾರ್ಮಿನ ಮೇಲೆ ನಾಲ್ಕು ಹೆಜ್ಜೆ ಜೊತೆಗೇ ಓಡಿ ಬಂದು, "ಭಾನುವಾರ?" ಎಂದು ಕೂಗಿದರು.

"ಭಾನುವಾರ!" ಎಂದು ನಾನೂ ಕಿಟಕಿಯ ಸರಳಿಗೆ ಮುಖ ಒತ್ತಿ ಕೂಗಿದೆ.